ಪುಟ್ಟ ಕೈಗಳಿಗೆ ವಸಂತದ ಕೆಲಸ

ಕಳೆದ ವರ್ಷ ಮಾರ್ಚ್‌ನಲ್ಲಿ ಒಬ್ಬ ತಾಯಿ ತನ್ನ ನಾಲ್ಕು ವರ್ಷದ ಮಗಳನ್ನು ನನ್ನ ದವಾಖಾನೆಗೆ ಕರೆತಂದರು. "ಎರಡು ವಾರದಿಂದ ನೆಗಡಿ ನಿಂತಿಲ್ಲ ಡಾಕ್ಟ್ರೇ, ಒಳ್ಳೆ ಜೋಶಾಂದಾ ಕೊಡಿ" ಎಂದರು. ನೋಡಿದರೆ ಮಗುವಿನ ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿತ್ತು, ಅದಕ್ಕೆ ಕೆಟ್ಟ ವಾಸನೆಯೂ ಇತ್ತು. ನೆಗಡಿಯಾದರೆ ಸಾಮಾನ್ಯವಾಗಿ ಎರಡೂ ಹೊಳ್ಳೆ ಸೋರುತ್ತವೆ. ಟಾರ್ಚ್ ಹಿಡಿದು ನೋಡಿದೆ. ಒಳಗೆ ಉಬ್ಬಿಕೊಂಡ ಕಡಲೆಕಾಳು! ಕಿವಿ-ಮೂಗು-ಗಂಟಲು ತಜ್ಞರ ಬಳಿ ಕಳುಹಿಸಿದೆ, ಅವರು ಅದನ್ನು ಸುರಕ್ಷಿತವಾಗಿ ತೆಗೆದರು.

ಮರುವಾರ ಬಂದಾಗ ಮಗುವಿನ ಕೈಯಲ್ಲಿ ಮೊಬೈಲ್ ಇತ್ತು. "ಅಡುಗೆ ಮಾಡುವಾಗ ಆಡ್ಕೊಳ್ಳಲಿ ಅಂತ ಕಾಳು ಕೊಟ್ಟಿದ್ದೆ. ಇನ್ನು ಏನೂ ಕೊಡಲ್ಲ. ಇದೇ ವಾಸಿ" ಎಂದರು ತಾಯಿ. ಅವರ ಭಯ ನನಗೆ ಅರ್ಥವಾಯಿತು. ಆದರೆ ಕಾಳು ಮೂಗಿಗೆ ಹೋದದ್ದು ಕೈಗೆ ಕೆಲಸ ಸಿಕ್ಕಿದ್ದರಿಂದ ಅಲ್ಲ, ವಯಸ್ಸಿಗೆ ಒಪ್ಪದ ವಸ್ತು ಸಿಕ್ಕಿದ್ದರಿಂದ ಮತ್ತು ಪಕ್ಕದಲ್ಲಿ ದೊಡ್ಡವರು ಇಲ್ಲದ್ದರಿಂದ. ಅಂದು ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತಿದ್ದೇನೆ.

ಈ ಋತುವೇ ಏಕೆ?

ವಸಂತಕ್ಕೆ ಯುನಾನಿಯಲ್ಲಿ ಫಸ್ಲೆ ರಬೀ ಎನ್ನುತ್ತೇವೆ. ಹೆಚ್ಚು ಚಳಿಯೂ ಅಲ್ಲದ, ಹೆಚ್ಚು ಸೆಕೆಯೂ ಅಲ್ಲದ ಸಮತೋಲನದ ಕಾಲವೆಂದು ಹಕೀಮರು ಇದನ್ನು ಗುರುತಿಸಿದ್ದಾರೆ. ಆರೋಗ್ಯ ಕಾಪಾಡಲು ನಮ್ಮ ವೈದ್ಯಶಾಸ್ತ್ರ ಹೇಳುವ ಆರು ಅನಿವಾರ್ಯ ಸಂಗತಿಗಳಲ್ಲಿ ಗಾಳಿ, ಆಹಾರ, ನಿದ್ರೆಗಳ ಜೊತೆ ದೇಹದ ಚಲನೆ ಮತ್ತು ಮನಸ್ಸಿನ ಚಲನೆಯೂ ಸೇರಿವೆ. ಮಗು ಎಲೆ ಹರಿದು, ಮಣ್ಣು ಕಲಸಿ ಕುಳಿತಾಗ ಇವೆರಡೂ ಒಟ್ಟಿಗೆ ನಡೆಯುತ್ತವೆ.

ಆಧುನಿಕ ವೈದ್ಯರ ಮಾತೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 3-4 ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷ ಮೈ ಚಲನೆ ಬೇಕು, 10ರಿಂದ 13 ಗಂಟೆ ನಿದ್ರೆ ಬೇಕು. ಕುಳಿತು ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಬಲಗೊಳ್ಳುವುದು ಗಾಜಿನ ಮೇಲೆ ಜಾರಿಸಿದಾಗಲ್ಲ. ಹಿಸುಕಿ, ಮಡಚಿ, ಹರಿದು, ಅಂಟಿಸಿದಾಗ.

ನಮ್ಮಲ್ಲಿ ಮಾರ್ಚ್-ಏಪ್ರಿಲ್‌ನ ಬಿಸಿಲು ಬೇಗ ಏರುತ್ತದೆ. ಹೊರಗಿನ ಆಟವನ್ನು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ನಂತರ ಇಟ್ಟುಕೊಳ್ಳಿ. ಆಗಾಗ ನೀರು ಕುಡಿಸಿ.

ಮಾಡಿಸಿ ನೋಡಿ

ತೆಂಗಿನ ಗರಿಯ ವಾಚು: ನಿಮ್ಮ ದಾದಿ-ನಾನಿಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಗರಿಯ ಮಧ್ಯದ ಕಡ್ಡಿಯನ್ನು ಮೊದಲು ನೀವೇ ಸೀಳಿ ತೆಗೆದುಬಿಡಿ, ಅದು ಕಣ್ಣಿಗೆ ಅಪಾಯ. ಉಳಿದ ಎಲೆಯನ್ನು ಮಡಚಿ ವಾಚು, ಸುರುಳಿ ಸುತ್ತಿ ಪೀಪಿ ಮಾಡಿ. ಮಗುವಿನ ವಾಚು ಸೊಟ್ಟಗಿದ್ದರೆ ಇರಲಿ, ತಿದ್ದಬೇಡಿ.

ಎಲೆಯ ನರ: ಅರಳಿ, ಹೊಂಗೆ, ಬೇವು ಚಿಗುರುವ ಕಾಲವಿದು. ಬಲಿತ ಅರಳಿ ಎಲೆಯನ್ನು ಮಗುಚಿ, ಮೇಲೆ ತೆಳು ಕಾಗದ ಇಟ್ಟು ಕ್ರೆಯಾನ್‌ನಿಂದ ಅಡ್ಡಡ್ಡ ಉಜ್ಜಲು ಹೇಳಿ. ನರಗಳು ಒಂದೊಂದಾಗಿ ಮೂಡುವುದನ್ನು ನೋಡಿ ಮಕ್ಕಳು ಕುಣಿಯುತ್ತಾರೆ.

ಹಿಟ್ಟಿನ ಅಚ್ಚು: ನಿಂಬೆ ಗಾತ್ರದ ಚಪಾತಿ ಹಿಟ್ಟು ಸಾಕು. ತಟ್ಟಿ ಬಿಲ್ಲೆ ಮಾಡಿ, ತೊಳೆದ ಬೇವಿನೆಲೆ ಒತ್ತಿ ತೆಗೆದರೆ ಅಚ್ಚು ಬೀಳುತ್ತದೆ. ಕೆಡದಿರಲೆಂದು ಕೆಲವರು ಹಿಟ್ಟಿಗೆ ಬಹಳ ಉಪ್ಪು ಬೆರೆಸುತ್ತಾರೆ. ಈ ವಯಸ್ಸಿಗೆ ಅದು ಬೇಡ. ಮಗು ತಿಂದರೆ ಅಷ್ಟು ಉಪ್ಪು ದೇಹಕ್ಕೆ ಕೆಡುಕು. ಆಟ ಮುಗಿದ ಮೇಲೆ ಹಿಟ್ಟನ್ನು ಕೋಳಿಗೋ ಆಡಿಗೋ ಹಾಕಿ.

ಮುತ್ತುಗದ ಬಣ್ಣ: ಗುಲೆ ಟೇಸೂ ಎಂದು ನಾವು ಔಷಧಿಗೆ ಬಳಸುವ ಹೂವೇ ಮುತ್ತುಗ. ಉದುರಿದ ಎಸಳುಗಳನ್ನು ನೀವು ಬಿಸಿನೀರಿನಲ್ಲಿ ನೆನೆಸಿಡಿ. ಆರಿದ ಮೇಲೆ ಸೋಸಿದರೆ ಹಳದಿ-ಕೇಸರಿ ಬಣ್ಣದ ನೀರು ಸಿದ್ಧ. ಹತ್ತಿಯಲ್ಲಿ ಅದ್ದಿ ಕಾಗದಕ್ಕೆ ಹಚ್ಚಲಿ. ಉಬ್ಬಸ ಅಥವಾ ಅಲರ್ಜಿ ಇರುವ ಮಕ್ಕಳನ್ನು ಹೂಗಳಿಂದ ದೂರವಿಡಿ, ಅವರಿಗೆ ಬೀಟ್‌ರೂಟ್ ರಸ ಕೊಡಿ.

ಚಿಪ್ಪಿನಲ್ಲಿ ಮೆಂತ್ಯ: ತೆಂಗಿನ ಚಿಪ್ಪಿನ ಕಣ್ಣು ತೂತು ಮಾಡಿ ಮಣ್ಣು ತುಂಬಿ. ರಾತ್ರಿ ನೆನೆಸಿದ ಮೆಂತ್ಯವನ್ನು ಮಗುವೇ ಉದುರಿಸಲಿ, ನೀವು ಪಕ್ಕದಲ್ಲಿರಿ. ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ. ಸೊಪ್ಪು ತಿನ್ನದ ಮಗುವೂ ತಾನು ಬೆಳೆಸಿದ್ದನ್ನು ರುಚಿ ನೋಡುತ್ತದೆ.

ಹಕ್ಕಿಗೆ ನೀರು: ಅಗಲವಾದ ಮಣ್ಣಿನ ತಟ್ಟೆಗೆ ಬಣ್ಣ ಬಳಿಸಿ, ಒಣಗಿಸಿ, ನೀರು ತುಂಬಿ ನೆರಳಲ್ಲಿಡಿ. ಒಳಭಾಗಕ್ಕೆ ಬಣ್ಣ ಬೇಡ. ಪ್ರತಿದಿನ ನೀರು ಚೆಲ್ಲಿ, ತಟ್ಟೆ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಅದು ಡೆಂಗ್ಯೂ ಸೊಳ್ಳೆಯ ತೊಟ್ಟಿಲು.

ಸೋಪಿನ ಜಾದೂ

ಒಂದು ಚಮಚ ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಮೈಸೋಪನ್ನು ಕರಗಿಸಿದ ನೀರಲ್ಲಿ ಮಗು ಬೆರಳದ್ದಿ ಕಾಗದ ಮುಟ್ಟಿದರೆ ಹಳದಿ ಇದ್ದದ್ದು ಕೆಂಪಾಗುತ್ತದೆ! ಈಗ ಸೋಪು ಹಚ್ಚಿದ ಅಂಗೈ ಪೂರ್ತಿ ಒತ್ತಿಸಿ. ಎಲ್ಲಿ ಕೆಂಪಾಗಲಿಲ್ಲವೋ ಅಲ್ಲಿ ಸೋಪು ಸರಿಯಾಗಿ ತಲುಪಿಲ್ಲ ಎಂದು ತೋರಿಸಿ. ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಯಾವಾಗಲೂ ಬಿಟ್ಟುಹೋಗುತ್ತವೆ. ಹತ್ತು ಸಲ ಗದರಿದರೂ ಬಾರದ ಪಾಠ ಈ ಕಾಗದದಿಂದ ಬರುತ್ತದೆ.

ಅರಿಶಿನ ಸುಣ್ಣಕ್ಕೂ ಕೆಂಪಾಗುತ್ತದೆ. ಆದರೆ ಎಲೆಯಡಿಕೆಯ ಸುಣ್ಣವನ್ನು ಮಕ್ಕಳ ಕೈಗೆ ಎಂದೂ ಕೊಡಬೇಡಿ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದರೆ ತಕ್ಷಣ ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಧಾರೆಯಾಗಿ ಹರಿಸಿ, ಆಸ್ಪತ್ರೆಗೆ ಓಡಿ.

ಮಣ್ಣಿನ ಆಟದ ನಂತರ ಕನಿಷ್ಠ 20 ಸೆಕೆಂಡು ಸೋಪಿನಿಂದ ಕೈ ತೊಳೆಸಿ. ಉಗುರು ವಾರಕ್ಕೊಮ್ಮೆ ಕತ್ತರಿಸಿ. ಬೆಕ್ಕು-ನಾಯಿ ಗಲೀಜು ಮಾಡುವ ಜಾಗದ ಮಣ್ಣು ಬೇಡ. ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಇವುಗಳಿಂದ ದೂರ

ಕೆಂಪು-ಕಪ್ಪು ಗುಲಗಂಜಿ ಮಣಿಯಂತೆ ಚೆಂದ, ಆದರೆ ಅಗಿದರೆ ಕಡು ವಿಷ. ಹರಳೆಣ್ಣೆ ನನ್ನ ಔಷಧಿ ಕಪಾಟಿನಲ್ಲಿದೆ, ಹರಳು ಬೀಜ ಮಾತ್ರ ವಿಷವೇ. ಕಣಗಿಲೆ, ಉಮ್ಮತ್ತಿ, ಎಕ್ಕದ ಹಾಲು ಕೂಡ ಹಾಗೆಯೇ. ಮೆಂತ್ಯ ಬಿತ್ತುವಾಗ ಬಿಟ್ಟರೆ ಕಾಳು, ಮಣಿ, ಕಡಲೆಬೀಜಗಳು ಈ ವಯಸ್ಸಿನ ಆಟಕ್ಕೆ ಬೇಡ. ಆಟಿಕೆಯ ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ; ಅದನ್ನು ಕೈಗೆ ಸಿಗದಂತೆ ಇಡಿ.

ಮೂಗು ಅಥವಾ ಕಿವಿಗೆ ಏನಾದರೂ ಹೋದರೆ ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ. ಅದು ಇನ್ನೂ ಒಳಗೆ ಹೋಗುತ್ತದೆ. ನೀರು ಬಿಡಬೇಡಿ, ಕಾಳು ಉಬ್ಬುತ್ತದೆ. ವಿಷದ ಬೀಜ ತಿಂದ ಅನುಮಾನವಿದ್ದರೆ ವಾಂತಿ ಮಾಡಿಸಲು ಹೋಗದೆ, ಉಳಿದ ಬೀಜವನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಇಂಥ ಹೊತ್ತಿನಲ್ಲಿ ಜೋಶಾಂದಾ ಕೇಳಿಕೊಂಡು ನನ್ನಂಥವರ ಬಳಿ ಬಂದು ಸಮಯ ಕಳೆಯಬೇಡಿ.

ದಿನಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಒಲೆ ಆರಿಸಿ, ಮೊಬೈಲ್ ಬದಿಗಿಟ್ಟು ಮಗುವಿನ ಪಕ್ಕ ನೆಲದ ಮೇಲೆ ಕುಳಿತುಕೊಳ್ಳಿ. ಅಬ್ಬಾ ಮನೆಗೆ ಬಂದ ಮೇಲೆ ಅವರೂ ಕುಳಿತುಕೊಳ್ಳಲಿ. ಗರಿ, ಎಲೆ, ಹಿಟ್ಟು ಎಲ್ಲವೂ ಪುಕ್ಕಟೆ ಸಿಗುತ್ತವೆ. ಮಗುವಿಗೆ ಬೇಕಾದದ್ದು ನಿಮ್ಮ ಕಣ್ಣು ಮತ್ತು ನಿಮ್ಮ ಹೊತ್ತು.