ಟ್ಯಾಂಕರ್ ನೀರಿನ ಊರಿಗೆ ಗಾವಠಿ ಗುಲಾಬಿಯೇ ಲೇಸು

ಜತ್ತ: ‘ಕುಡಿಯಾಕ ನೀರಿಲ್ಲ, ಇನ್ನ ಗುಲಾಬಿಗೆ ಎಲ್ಲಿಂದ ತರೋಣು?’

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಅಂಗಳದಾಗ ಹೂವಿನ ಗಿಡ ಹಚ್ಚುವ ಮಾತು ತೆಗೆದರೆ ಈ ಪ್ರಶ್ನೆ ಏಳುವುದು ಸಹಜ. ನೀರಿಗಾಗಿಯೇ ಇಲ್ಲಿನ ಸುಮಾರು 40 ಗ್ರಾಮಗಳು 2012ರಲ್ಲಿ ಕರ್ನಾಟಕ ಸೇರುವ ಠರಾವು ಮಾಡಿದ್ದವು. 2022ರಲ್ಲಿ ಅದೇ ಠರಾವು ಎರಡೂ ರಾಜ್ಯಗಳಲ್ಲಿ ಮತ್ತೆ ಸುದ್ದಿಯಾಯಿತು. ಇಂಥ ಸೀಮೆಯಲ್ಲೂ ಗುಲಾಬಿ ಬದುಕುತ್ತದೆ. ಆದರೆ ಯಾವ ಗುಲಾಬಿ ಎಂಬುದನ್ನು ಮೊದಲೇ ನೋಡಿ ಆರಿಸಬೇಕು.

ಕಲಮಿಯೋ, ಗಾವಠಿಯೋ?

ನರ್ಸರಿಗಳಲ್ಲಿ ಕಣ್ಣು ಸೆಳೆಯುವ ದೊಡ್ಡ ಹೂವಿನ ಸಸಿಗಳು ಬಹುತೇಕ ಕಲಮಿ. ಗಟ್ಟಿ ಜಾತಿಯ ಗುಲಾಬಿಯ ಬೇರಿಗೆ ಬೇರೆ ತಳಿಯ ಕಣ್ಣು ಕೂಡಿಸಿರುತ್ತಾರೆ. ಏಪ್ರಿಲ್-ಮೇ ಬಿಸಿಲಿಗೆ ಮೇಲಿನ ಭಾಗ ಒಣಗಿದರೆ ಮಳೆಗಾಲದಲ್ಲಿ ಬುಡದಿಂದ ಚಿಗಿಯುವುದು ಆ ಬೇರಿನ ಜಾತಿಯೇ. ‘ಗಿಡ ಬದುಕೇತಿ, ಹೂವು ಮಾತ್ರ ಬ್ಯಾರೆ’ ಅನ್ನುವ ದೂರಿಗೆ ಕಾರಣ ಇದು.

ಪೊದೆಯಾಗಿ ಬೆಳೆಯುವ ಗಾವಠಿ ಗುಲಾಬಿ ಹಾಗಲ್ಲ. ಕಡ್ಡಿ ಊರಿ ಬೆಳೆಸಿದ್ದರೆ ಬೇರೂ ಅದರದೇ, ಟೊಂಗೆಯೂ ಅದರದೇ. ಮೇಲೆಲ್ಲ ಒಣಗಿದರೂ ಬೇರು ಜೀವ ಹಿಡಿದಿದ್ದರೆ ಅದೇ ಹೂವು ಮತ್ತೆ ಬರುತ್ತದೆ. ರಿಯೂನಿಯನ್ ದ್ವೀಪದ ಮೂಲದ, ಪರಿಮಳದ ‘ಎಡ್ವರ್ಡ್’ ಗುಲಾಬಿ ಈ ಬಗೆಯದು. 1897ರಲ್ಲಿ ಬೆಳಕಿಗೆ ಬಂದ, ಕೆಂಪು ಹೂವಿನ ‘ಗ್ರುಸ್ ಆನ್ ಟೆಪ್ಲಿಟ್ಸ್’ ಕೂಡ ಬಿಸಿಲು ತಾಳುವ ಪೊದೆ. ಹೆಸರು ಗೊತ್ತಿಲ್ಲದಿದ್ದರೂ ಚಿಂತಿಲ್ಲ. ಊರಲ್ಲಿ ನಾಲ್ಕಾರು ಬೇಸಿಗೆ ಕಂಡ ಹಳೇ ಗಿಡದ ಕಡ್ಡಿಯೇ ಎಲ್ಲಕ್ಕಿಂತ ನಂಬಿಗಸ್ತ.

ಹಚ್ಚುವುದು ಹೀಗೆ

ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಯನ್ನು ಮಳೆಗಾಲದಲ್ಲಿ ನೆರಳಿನ ಕಡೆ ಊರಬೇಕು. ಮುಕ್ಕಾಲು ಭಾಗ ಮಣ್ಣಿನೊಳಗಿರಲಿ. ಒಂದೂವರೆ-ಎರಡು ತಿಂಗಳಲ್ಲಿ ಬೇರು ಬಿಡುತ್ತದೆ. ಬೇರು ಗಟ್ಟಿಯಾದ ಮೇಲೆ ಕಾಯಂ ಜಾಗಕ್ಕೆ ಬದಲಿಸಬಹುದು. ಅಲ್ಲಿ ಗರಸು ನೆಲವಿದ್ದರೆ ಒಂದೂವರೆ ಅಡಿ ಗುಂಡಿ ತೋಡಿ, ಗರಸು ತೆಗೆದು, ಒಳ್ಳೆಯ ಮಣ್ಣಿಗೆ ಹಳೇ ಗೊಬ್ಬರ ಬೆರೆಸಿ ತುಂಬಬೇಕು. ಮಾಡಗ್ಯಾಳ ಕುರಿಗೆ ಹೆಸರಾದ ತಾಲೂಕಿನಲ್ಲಿ ಕುರಿ ಹಿಕ್ಕಿಗೆ ಬರವಿಲ್ಲ. ಆದರೆ ಹಸಿ ಹಿಕ್ಕಿ ಬೇರು ಸುಡುತ್ತದೆ, ಚೆನ್ನಾಗಿ ಕಳಿತಿರಬೇಕು. ಮುಂಜಾನೆ ಬಿಸಿಲು, ಮಧ್ಯಾಹ್ನ ನೆರಳು ಬೀಳುವ ಜಾಗವಾದರೆ ಅರ್ಧ ಕೆಲಸ ಆದಂತೆ.

ನೀರು ಎಲ್ಲಿಂದ?

ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಚೆಲ್ಲದೆ ಬುಡಕ್ಕೆ ಹಾಕಿದರೆ ಬೇರೆ ಕೊಡ ಎತ್ತುವ ಪ್ರಸಂಗ ಕಡಿಮೆ. ಬಟ್ಟೆ ಒಗೆದ ಪೌಡರಿನ ನೀರು ಮಾತ್ರ ಬೇಡ, ಮಣ್ಣು ಸವುಳಾಗುತ್ತದೆ. ದಿನಾ ಚಿಮುಕಿಸುವುದಕ್ಕಿಂತ ಎರಡು-ಮೂರು ದಿನಕ್ಕೊಮ್ಮೆ ಬೇರಿಗೆ ಇಳಿಯುವಂತೆ ಹಾಕುವುದು ಮೇಲು. ಬೇರು ಆಳಕ್ಕೆ ಹೋಗುತ್ತದೆ. ಬುಡದ ಸುತ್ತ ಶೇಂಗಾ ಸಿಪ್ಪಿ, ಬೇವಿನ ತಪ್ಪಲು ಇಲ್ಲವೇ ಕಬ್ಬಿನ ರವದಿ ಹೊದಿಸಿದರೆ ತಂಪು ಉಳಿಯುತ್ತದೆ. ಬೋರಿನ ಗಡಸು ನೀರಿನಿಂದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ಇನ್ನಷ್ಟು ನೀರು ಹಾಕುವುದು ಮದ್ದಲ್ಲ. ಕಳಿತ ಗೊಬ್ಬರ ಕೊಟ್ಟು, ಮಳೆನೀರು ಸಿಕ್ಕಾಗ ಹಿಡಿದು ಹಾಕಬೇಕು.

ಕಡು ಬೇಸಿಗೆಯಲ್ಲಿ ಚಾಟನಿ ಬೇಡ, ಗೊಬ್ಬರವೂ ಬೇಡ. ಮೊಗ್ಗು ಬಂದರೆ ಚಿವುಟಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಹೂವು ಹೋದರೂ ಗಿಡ ಉಳಿಯುತ್ತದೆ.

ದಸರೆಗೆ ಚಾಟನಿ, ಜಾತ್ರೆಗೆ ಹೂವು

ಚಾಟನಿಗೆ ತಕ್ಕ ಕಾಲ ಮಳೆ ಹಿಂದೆ ಸರಿಯುವ ದಸರೆ. ಒಣಗಿದ, ಒಂದಕ್ಕೊಂದು ತಿಕ್ಕುವ ಟೊಂಗೆ ತೆಗೆದು, ಉಳಿದವನ್ನು ಮೂರನೇ ಒಂದು ಭಾಗ ಕತ್ತರಿಸಿದರೆ ಸಾಕು. ಚಾಟನಿಯಾದ ಆರೇಳು ವಾರಕ್ಕೆ ಹೂವು ಬರುತ್ತದೆ. ವಿಜಯದಶಮಿಯಿಂದ ಛಟ್ಟಿ ಅಮಾವಾಸ್ಯೆಗೆ ಸುಮಾರು 50 ದಿನ. ಅಂದರೆ ಗುಡ್ಡಾಪುರ ದಾನಮ್ಮದೇವಿ ಜಾತ್ರೆಗೆ ಗಡಿಯಾಚೆಯಿಂದ ಭಕ್ತರು ನಡೆದು ಬರುವ ಹೊತ್ತಿಗೆ, ಪಾತ್ರೆ ತೊಳೆಯುವ ಕಟ್ಟೆ ಪಕ್ಕದ ಗಿಡ ಹೂವು ಬಿಟ್ಟಿರುತ್ತದೆ. ಅಮ್ಮನಿಗೆ ಏರಿಸಲು ಪ್ಯಾಟಿ ಹೂವು ಕೊಳ್ಳಬೇಕಿಲ್ಲ, ಮನಿ ಹೂವೇ ಸಾಕು.