ಓಬವ್ವನ ಕಿಂಡಿಯಲ್ಲಿ ಒಂದು ಕ್ಲಿಕ್!

ನಾಯಕನಟರ ಫೋಟೋ ತರಲೇಬೇಕೆಂದು ಸಂಪಾದಕರ ಅಪ್ಪಣೆ. ಚಿತ್ರದುರ್ಗ ತಲುಪಿದರೆ, ಹೀರೋ ಬರೋದು ಮಧ್ಯಾಹ್ನವಂತೆ! ಕ್ಯಾಮೆರಾ ಹೆಗಲಿಗೇರಿಸಿ ಕೋಟೆ ಹತ್ತಿದೆ.

1972ರ ‘ನಾಗರಹಾವು’ ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ಆರಿಸಿಕೊಂಡ ಬಂಡೆಗಳಿವು, ಓದುಗರೇ! ಒನಕೆ ಹಿಡಿದ ಜಯಂತಿ ಕಣ್ಮುಂದೆ ಬಂದರು. ಆದರೆ ಓಬವ್ವನ ಕಿಂಡಿ? ಅಯ್ಯೋ, ಇಷ್ಟೇನಾ! ಒಬ್ಬರು ನುಸುಳೋವಷ್ಟು ಸಂದು. ದೂರದಿಂದ ತೆಗೆದರೆ ಬರೀ ಬಂಡೆ, ಹತ್ತಿರದಿಂದ ಬರೀ ಕತ್ತಲು. ಏಳೆಂಟು ಫೋಟೋ ದಂಡ.

ಅಷ್ಟರಲ್ಲಿ ಅಜ್ಜಿಯೊಬ್ಬರು ಸೊಂಟ ಬಗ್ಗಿಸಿ ಕಿಂಡಿಯೊಳಗಿಂದ ಬಂದರು.

“ಒಂದು ಫೋಟೋ ತೆಗೀಲಾ ಅಜ್ಜಿ?”

“ತೆಗಿಯಪ್ಪಾ, ನಾನೇನು ಜಯಂತೀನಾ!”

ನಕ್ಕರು. ಕ್ಲಿಕ್! ಬಂಡೆ ಎಷ್ಟು ದೊಡ್ಡದು, ಸಂದು ಎಷ್ಟು ಕಿರಿದು, ಎರಡೂ ಒಂದೇ ಚಿತ್ರದಲ್ಲಿ ಸಿಕ್ಕಿತ್ತು.

ಕೆಳಗಿಳಿದರೆ ಹೀರೋ ಬಂದು, ಹೊರಟೂ ಹೋಗಿದ್ದರು. ಸಂಪಾದಕರೇ, ಬೈಯಬೇಡಿ. ಈ ವಾರ ಅಜ್ಜಿಯ ಫೋಟೋನೇ ಹಾಕಿಬಿಡಿ!