ಓಲೆಗರಿಯ ಛಾಯಾಪ್ರತಿಗಳ ವಾಚನದಲ್ಲಿ ಇ-ರೀಡರಿನ ಉಪಯೋಗ

ಗ್ರಂಥಭಂಡಾರಗಳ ಓಲೆಕಟ್ಟುಗಳು ಇಂದು ಛಾಯಾಪ್ರತಿಗಳಾಗಿ, ಗಣಕಯಂತ್ರದ ಕಡತಗಳಾಗಿ ವಿದ್ವಾಂಸರ ಕೈಸೇರುತ್ತಿವೆ. ಮೂಲಪ್ರತಿಯ ರಕ್ಷಣೆಯ ದೃಷ್ಟಿಯಿಂದ ಇದು ಸಂತೋಷದ ವಿಷಯ. ಓಲೆಯನ್ನು ಬಿಚ್ಚಿ ಮುಟ್ಟಿದಷ್ಟೂ ಅದರ ಅಂಚು ಮುರಿಯುತ್ತದೆ, ಅಂಚಿನೊಡನೆ ಅಕ್ಷರವೂ ಹೋಗುತ್ತದೆ. ಆದರೆ ಬೆಳಗುವ ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತು ಹಳಗನ್ನಡ ಲಿಪಿಯನ್ನು ಬಿಡಿಸಿ ಓದುವುದು ವಯೋವೃದ್ಧ ಪಂಡಿತರಿಗೆ ಸುಲಭವಲ್ಲ. ಅಚ್ಚಾದ ಪುಸ್ತಕಗಳ ಓದಿಗೆಂದೇ ಬಳಕೆಯಲ್ಲಿರುವ ಇ-ರೀಡರ್ ಉಪಕರಣವನ್ನು ಈ ಕಾರ್ಯಕ್ಕೆ ಅಳವಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕಿಂಡಲ್, ಕೋಬೋ ಮೊದಲಾದ ಇಂತಹ ಉಪಕರಣಗಳ ಪರದೆಯಲ್ಲಿ ಅತಿ ಸೂಕ್ಷ್ಮವಾದ ಕೋಶಗಳಿದ್ದು, ಅವುಗಳಲ್ಲಿ ಕಪ್ಪು ಮತ್ತು ಬಿಳಿಯ ಕಣಗಳಿರುತ್ತವೆ. ವಿದ್ಯುತ್ತಿನ ಪ್ರೇರಣೆಯಿಂದ ಈ ಕಣಗಳು ಮೇಲೆ ಬಂದಾಗ ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರವು ಕಾಗದದಂತೆ ಹೊರಗಿನ ಬೆಳಕಿನಲ್ಲಿಯೇ ಕಾಣುತ್ತದೆ. ಪುಟ ಬದಲಾಗುವಾಗ ಮಾತ್ರ ಪರದೆಗೆ ವಿದ್ಯುತ್ತು ವ್ಯಯವಾಗುವುದರಿಂದ ಒಮ್ಮೆ ವಿದ್ಯುತ್ತು ತುಂಬಿದರೆ ಹಲವು ದಿನಗಳ ಸ್ವಾಧ್ಯಾಯ ನಡೆಯುತ್ತದೆ.

ಮುಖ್ಯವಾದ ತೊಡಕು ಓಲೆಯ ಆಕಾರದ್ದು. 18 ಅಂಗುಲ ಉದ್ದ, 2 ಅಂಗುಲ ಅಗಲದ ಒಂದು ಗರಿಯಲ್ಲಿ 8 ಪಂಕ್ತಿಗಳಿವೆಯೆಂದು ಭಾವಿಸೋಣ. 6 ಅಂಗುಲದ ಉಪಕರಣವೆಂದರೆ ಕರ್ಣದ ಅಳತೆ. ಪರದೆಯ ಉದ್ದ ಸುಮಾರು 4.8 ಅಂಗುಲ, ಅಗಲ 3.6 ಅಂಗುಲ. ಇಡೀ ಗರಿಯನ್ನು ಅಡ್ಡಲಾಗಿ ತೋರಿಸಿದರೆ ಅದು ಮೂಲದ ಕಾಲುಭಾಗಕ್ಕೆ ಕುಗ್ಗುತ್ತದೆ. ಆಗ ಒಂದೊಂದು ಪಂಕ್ತಿಗೆ ಉಳಿಯುವ ಸ್ಥಳ ಅಂಗುಲದ 15ನೆಯ ಒಂದು ಭಾಗ ಮಾತ್ರ. ಇದರಲ್ಲಿ ಒತ್ತಕ್ಷರಗಳನ್ನು ಗುರುತಿಸುವುದು ಅಸಾಧ್ಯ.

ಇದಕ್ಕೆ ಪರಿಹಾರವು ಗರಿಯಲ್ಲಿಯೇ ಇದೆ. ದಾರದ ರಂಧ್ರಗಳ ಸುತ್ತ ಲಿಪಿಕಾರನು ಬಿಟ್ಟಿರುವ ಖಾಲಿ ಸ್ಥಳದಲ್ಲಿ ಚಿತ್ರವನ್ನು ವಿಭಾಗಿಸಿದರೆ ಅಕ್ಷರಗಳು ತುಂಡಾಗುವ ಸಂಭವ ಕಡಿಮೆ. ಎರಡು ರಂಧ್ರಗಳ ಗರಿಯಿಂದ ಹೀಗೆ ಮೂರು ಖಂಡಗಳು ದೊರೆಯುತ್ತವೆ. ಖಂಡಗಳ ಅಂಚುಗಳು ಕಿಂಚಿತ್ ಪರಸ್ಪರ ವ್ಯಾಪಿಸುವಂತಿರಲಿ. ಇವನ್ನು ಒಂದರ ಕೆಳಗೊಂದರಂತೆ ಜೋಡಿಸಿ ಒಂದೇ ಪುಟವಾಗಿ ಪಿಡಿಎಫ್ ರೂಪದಲ್ಲಿ ಉಳಿಸಬೇಕು. ಪಂಕ್ತಿಯು ಗರಿಯ ಉದ್ದಕ್ಕೂ ಸಾಗಿದ್ದರೆ ಮೇಲಿನ ಖಂಡದ ಮೊದಲ ಪಂಕ್ತಿ, ನಡುವಿನದರ ಮೊದಲ ಪಂಕ್ತಿ, ಕೆಳಗಿನದರ ಮೊದಲ ಪಂಕ್ತಿ ಎಂಬ ಕ್ರಮದಲ್ಲಿ ಓದತಕ್ಕದ್ದು. ಹೀಗೆ ಜೋಡಿಸಿದಾಗ ಅದೇ 6 ಅಂಗುಲದ ಉಪಕರಣದಲ್ಲಿ ಅಕ್ಷರಗಳು ಮೊದಲಿನದರ ಇಮ್ಮಡಿಗೂ ಮಿಗಿಲಾಗಿ ಕಾಣುತ್ತವೆ. 10.2 ಅಂಗುಲದ ಪರದೆಯಲ್ಲಾದರೋ ಇಡೀ ಗರಿಯು ಹೆಚ್ಚುಕಡಿಮೆ ಮೂಲದ ಅಳತೆಯಲ್ಲಿಯೇ ಒಂದು ಪುಟದಲ್ಲಿ ಅಡಕವಾಗುತ್ತದೆ.

ಪ್ರತಿ ಪುಟದ ಅಂಚಿನಲ್ಲಿ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂಭಾಗವೋ ಹಿಂಭಾಗವೋ ಎಂಬುದನ್ನು ತಪ್ಪದೆ ನಮೂದಿಸಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಲ್ಲಿ (1948) ಸೇರಿರುವ ಪ್ರತಿಯಾದರೆ ಅಲ್ಲಿಯ ಸಂಖ್ಯೆಯನ್ನೂ ಕೊಡುವುದು ಯುಕ್ತ. ಸಂಖ್ಯೆಯಿಲ್ಲದ ಚಿತ್ರವು ದಾರ ಕಳಚಿದ ಗರಿಯಂತೆ; ಅದರ ಸ್ಥಾನವನ್ನು ಮತ್ತೆ ನಿರ್ಣಯಿಸುವುದು ಕಷ್ಟ.

ಮುದ್ರಿತ ಗ್ರಂಥಗಳ ವಿಷಯ ಬೇರೆ. ಪಠ್ಯವನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಇಪಬ್ ರೂಪಕ್ಕೆ ತಂದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಪದವನ್ನು ಹುಡುಕಲೂಬಹುದು. ಯೂನಿಕೋಡಿಗೆ ಪೂರ್ವದ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳನ್ನು ಮೊದಲು ಪರಿವರ್ತಿಸಿಕೊಳ್ಳದಿದ್ದರೆ ಈ ಪ್ರಯೋಜನ ದೊರೆಯದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಾಮಾನ್ಯ ಇ-ರೀಡರುಗಳು ಚಿತ್ರವನ್ನು ಬೂದುಬಣ್ಣದ 16 ಛಾಯೆಗಳಲ್ಲಿ ಮಾತ್ರ ತೋರಿಸುತ್ತವೆ. ಬಣ್ಣದ ಹಾಸಿನ ಮೇಲಿಟ್ಟು ತೆಗೆದ ವರ್ಣಚಿತ್ರದಲ್ಲಿ ಹುಳು ಕೊರೆದ ರಂಧ್ರದೊಳಗಿಂದ ಹಾಸಿನ ಬಣ್ಣ ಕಾಣುವುದರಿಂದ ಅದು ಮಸಿಯಲ್ಲವೆಂದು ತಿಳಿಯುತ್ತದೆ. ಬೂದುಛಾಯೆಯಲ್ಲಿ ಈ ಭೇದ ಅಳಿದು, ರಂಧ್ರವೇ ಸೊನ್ನೆಯೆಂಬ ಭ್ರಮೆ ಹುಟ್ಟಬಹುದು. ಪ್ರಾಕೃತ ಗಾಹೆಯಲ್ಲಿ ಒಂದು ಅನುಸ್ವಾರ ಹೆಚ್ಚಾದರೆ ವಿಭಕ್ತಿ ಬದಲಾದೀತು, ಮಾತ್ರೆ ಕೆಟ್ಟೀತು. ಸಿದ್ಧಾಂತಗ್ರಂಥದಲ್ಲಾದರೆ ಅರ್ಥಕ್ಕೇ ಬಾಧೆ ಬಂದೀತು. ಆದ್ದರಿಂದ ಇ-ರೀಡರಿನ ಓದು ಪ್ರಥಮ ವಾಚನಕ್ಕೆ, ಪಾಠಾಂತರಗಳ ಶೋಧನೆಗೆ ಮಾತ್ರ ಸಲ್ಲುತ್ತದೆ. ಪಾಠನಿರ್ಣಯವು ವರ್ಣಚಿತ್ರದಿಂದ, ಸಂದೇಹವಿದ್ದಲ್ಲಿ ಮೂಲದಿಂದಲೇ ಆಗಬೇಕು.

ಕಡತಗಳನ್ನು ಉಪಕರಣಕ್ಕೆ ಸೇರಿಸುವಾಗ ಯುಎಸ್‌ಬಿ ತಂತಿಯನ್ನೇ ಬಳಸುವುದು ಉಚಿತ. ಅಂತರ್ಜಾಲದ ಮೂಲಕ ಕಳುಹಿಸುವ ಸೇವೆಗಳಲ್ಲಿ ಕಡತವು ವ್ಯಾಪಾರೀ ಸಂಸ್ಥೆಯ ಗಣಕಗಳನ್ನು ಹಾದುಬರುತ್ತದೆ. ಬಸದಿ, ಮಠಗಳ ಅಧಿಕಾರಿಗಳು ಅಧ್ಯಯನಕ್ಕೆಂದು ವಿಶ್ವಾಸದಿಂದ ಕೊಟ್ಟ ಪ್ರತಿಯನ್ನು ಅವರ ಅನುಮತಿಯಿಲ್ಲದೆ ಹಾಗೆ ರವಾನಿಸುವುದು ಸರಿಯಲ್ಲ. ಉಪಕರಣದಲ್ಲಿ ಬರೆದ ಟಿಪ್ಪಣಿಗಳನ್ನು ಆಗಾಗ್ಗೆ ಬೇರೆಡೆ ನಕಲಿಸಿಡುವುದೂ ಅಗತ್ಯ. ಓಲೆಯು ಶತಮಾನಗಳ ಕಾಲ ಉಳಿದೀತು, ಯಂತ್ರವು ಉಳಿಯಲಾರದು.